ಮೂರು ಸಲ ಊದಿದ ಕಾರ್ಡು

‘ಇವತ್ತಾದರೂ ನನ್ನ ಮಾತಿಗೆ ಯಾರೂ “ಆಂ, ಏನಂದ್ರಿ?” ಅನ್ನದೇ ಇರಲಿ.’

ಶಿಹೊ ಆ ಬೆಳಗ್ಗೆ ದಿನಚರಿಯಲ್ಲಿ ಬರೆದುಕೊಂಡದ್ದು ಇದೊಂದೇ ಸಾಲು. ಬರೆದ ಮೇಲೆ ನಾಚಿಕೆಯಾಗಿ ಅಡ್ಡಗೆರೆ ಎಳೆದಳು. ಗೆರೆಯ ಕೆಳಗೂ ಅದು ಓದುವ ಹಾಗೆಯೇ ಉಳಿಯಿತು.

ಹನ್ನೆರಡು ವರ್ಷದವಳಿದ್ದಾಗ, ತರಗತಿಯಲ್ಲಿ ಎದ್ದು ನಿಂತು ಪಾಠ ಓದುತ್ತಿದ್ದವಳ ಗಂಟಲು ಇದ್ದಕ್ಕಿದ್ದಂತೆ ಕಟ್ಟಿಕೊಂಡಿತ್ತು. ಅಂದು ಕಟ್ಟಿದ್ದು ಇಪ್ಪತ್ತನಾಲ್ಕು ತುಂಬಿದರೂ ಪೂರ್ತಿ ಬಿಟ್ಟಿರಲಿಲ್ಲ. ಮಾತಾಡಹೊರಟರೆ ಮೊದಲು ಬರುವುದು ಒಂದು ಸಿಳ್ಳು, ಕಾಗದದ ಬಾಗಿಲಿನ ತೂತಿನಲ್ಲಿ ಗಾಳಿ ನುಸುಳಿದಂಥ ಸದ್ದು. ಅದರ ಹಿಂದೆ ಒಣಗಿದ ನಾಲ್ಕು ಅಕ್ಷರ. ರಸಾಯನಶಾಸ್ತ್ರದಲ್ಲಿ ಒಳ್ಳೆಯ ಪದವಿಯಿತ್ತು. ನಲವತ್ತೊಂದು ಕಂಪನಿಗಳ ನಲವತ್ತೊಂದು ಮೇಜುಗಳ ಆಚೆಯಿಂದ ಅದೇ ಮಾತು ಬಂದಿತ್ತು: ಆಂ, ಏನಂದ್ರಿ? ಕೊನೆಗೆ, ಯಾರೊಂದಿಗೂ ಹೆಚ್ಚು ಮಾತಾಡಬೇಕಿಲ್ಲದ ಕೆಲಸವೊಂದು ಇಸೊತಾನಿ ಬಂದರಿನಲ್ಲಿ ಸಿಕ್ಕಿತು. ಅಂಗಡಿಗಳ ಮುಂದಿನ ಕೆಂಪು ಯಂತ್ರಗಳಿಗೆ ಕಾರ್ಡು ತುಂಬುವ ಕೆಲಸ.

ಟೀವಿಯ ಕಾರ್ಟೂನಿನ ಯೋಧರು, ಕಡಲ ಭೂತಗಳು, ರಾಣಿಯರ ಕಾರ್ಡುಗಳು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗರ್ರ್ ಎಂದು ಒಂದು ಕಾರ್ಡು ಕೆಳಗಿನ ಬಾಯಿಗೆ ಬೀಳುತ್ತದೆ. ಅಪರೂಪಕ್ಕೊಂದು ಬೆಳ್ಳಿಯ ಹೊಳಪಿನದು. ಅದಕ್ಕೆ ಮಕ್ಕಳು ‘ಕಿರಾ’ ಎನ್ನುತ್ತಾರೆ, ಅದಕ್ಕಾಗಿ ಪ್ರಾಣ ಬಿಡುತ್ತಾರೆ.

ಜೂನ್ ಮೊದಲ ವಾರ. ಒಂಬತ್ತು ವರ್ಷ ಈ ಯಂತ್ರಗಳಿಗೆ ಬಗ್ಗಿ ಬಗ್ಗಿ ಸೊಂಟ ಹಾಳುಮಾಡಿಕೊಂಡ ಕುನಿಹಿರೊನ ಕೊನೆಯ ದಿನ, ಶಿಹೊಳ ಮೊದಲ ದಿನ. ಜಿಟಿಜಿಟಿ ಮಳೆ. ವ್ಯಾನಿನೊಳಗೆ ಒದ್ದೆ ರಟ್ಟಿನ ವಾಸನೆ.

“ನೋಡು ಡಿಗ್ರಿಯಮ್ಮ, ಈ ಮಳೇಲಿ ಇವು ಒಂದಕ್ಕೊಂದು ಅಂಟ್ಕೊಂಡು ಸಾಯ್ತವೆ. ಹಿಂಗೆ ಬಿಡಿಸ್ಬೇಕು,” ಎಂದ ಕುನಿಹಿರೊ, ಕಾರ್ಡಿನ ಕಟ್ಟನ್ನು ಬೀಸಣಿಗೆಯ ಹಾಗೆ ಅಗಲಿಸಿ, ಅಂಚಿಗೆ ಫೂ, ಫೂ, ಫೂ ಎಂದು ಮೂರು ಸಲ ಊದಿ, ತೋಳಿಗೆ ಒಮ್ಮೆ ಉಜ್ಜಿ ಯಂತ್ರದೊಳಗಿಟ್ಟ. ಕ್ಷೌರದಂಗಡಿಯ ಮುಂದೆಯೂ ಹಾಗೆಯೇ, ಊರವರೆಲ್ಲ ದುಡ್ಡು ಕೊಟ್ಟು ಮೀಯುವ ಸ್ನಾನದ ಮನೆಯ ಮುಂದೆಯೂ ಹಾಗೆಯೇ. ಬಂದರಿಗಿಳಿಯುವ ಇಳಿಜಾರಿನ ಕೊನೆಯಲ್ಲಿ ತೋಮೆ ಅಜ್ಜಿಯ ಮಿಠಾಯಿ ಅಂಗಡಿ ಬಂದಾಗ ಮಾತ್ರ ಅವನು ಕಟ್ಟನ್ನು ಬಿಡಿಸಲಿಲ್ಲ. ಹಾವನ್ನು ಬುಟ್ಟಿಗಿಳಿಸುವವನಂತೆ ಉಸಿರು ಬಿಗಿಹಿಡಿದು ಒಳಗಿಟ್ಟು, ಬಾಗಿಲು ಹಾಕಿ, ಆಮೇಲೆ ಉಸಿರು ಬಿಟ್ಟ.

“ಇಲ್ಲಿ ಊದಬಾರದು.”

ಶಿಹೊ ಹುಬ್ಬೇರಿಸಿದಳು.

“ಗುಡಿಯಿಂದ ಮನುಷ್ಯನ ಆಕಾರದ ಬಿಳೀ ಕಾಗದ ನಿಮ್ಮನೆಗೂ ಬಂದಿರ್ಬೇಕಲ್ಲ? ಈ ಮೂವತ್ತನೇ ತಾರೀಕು ಸಮುದ್ರಕ್ಕೆ ಬಿಡೋದು. ಅದಕ್ಕೇನು ಮಾಡ್ತೀವಿ?”

“ಮೈಗೆ ಉಜ್ಜಿ...”

“ಆಂ?”

“ಮೈಗೆ ಉಜ್ಜಿ, ಮೂರು ಸಲ ಊದೋದು.”

“ಮೈಯಲ್ಲಿರೋ ಕೆಟ್ಟದ್ದು ಕಾಗದಕ್ಕೆ ಹೋಗ್ಲಿ, ಕಾಗದ ಕಡಲಿಗೆ ಹೋಗ್ಲಿ ಅಂತ. ಈಗ ಹೇಳು, ನಾವು ಕಾರ್ಡಿಗೆ ಮಾಡೋದೂ ಅದೇ ತಾನೆ? ಬೇರೆ ಯಂತ್ರಗಳಿಗೆ ಅದು ತಿಳಿಯಲ್ಲ. ಇದಕ್ಕೆ ತಿಳಿಯುತ್ತೆ. ಯಾರೋ ಇದಕ್ಕೆ ಕಲಿಸಿಬಿಟ್ಟಿದ್ದಾರೆ.”

“ಅಂಟ್ಕೊಂಡ್ರೆ?”

“ಅಂಟ್ಕೊಂಡು ಸಾಯ್ಲಿ. ಕಂಪ್ನಿಯವ್ರು ಬೈದ್ರೆ ಬೈಸ್ಕೊ.” ಅವನು ನಗುತ್ತಿರಲಿಲ್ಲ. ಅಂಗಡಿಯ ಮರದ ಜಾಲರಿಯ ಹಿಂದೆ ಯಾರೋ ಕೂತಿದ್ದರು. ಅತ್ತ ನೋಡದೆ ವ್ಯಾನು ಹತ್ತಿದ.

ಅಂದು ಸಂಜೆ ಶಿಹೊ ದಿನಚರಿಯಲ್ಲಿ ಬರೆದಳು: ‘ಒಂದು ಯಂತ್ರಕ್ಕೆ ಪಾಠ ಹೇಳಿಕೊಟ್ಟಿದ್ದಾರಂತೆ. ಗಾಳಿಯಲ್ಲಿ ತೇವ ಶೇಕಡ ಎಂಬತ್ತೆಂಟು. ಕುನಿಹಿರೊ ಸಾನ್ ತಲೆಯಲ್ಲಿ ಶೇಕಡ ನೂರು.’ ಬರೆದು ಒಬ್ಬಳೇ ನಕ್ಕಳು. ನಗುವೂ ಸಿಳ್ಳಿನ ಹಾಗೆಯೇ ಬಂತು.

ಅವಳು ಬಾಡಿಗೆಗಿದ್ದದ್ದು ಫುಮಿಯ ಒಣಮೀನಿನ ಅಂಗಡಿಯ ಮಹಡಿಯಲ್ಲಿ. ಫುಮಿಯ ಗಂಡ ದೂರದ ಮೀನುಹಡಗಿನಲ್ಲಿ. ಮನೆಯಲ್ಲಿ ಅವಳು ಮತ್ತು ಎಂಟು ವರ್ಷದ ಮಗಳು ನಗಿಸಾ. ಬೆಳಗಾದರೆ ಆ ಹುಡುಗಿ ಉಪ್ಪಿನ ಡಬ್ಬಿಯ ಮೇಲೆ ಹತ್ತಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು: “ಬನ್ನಿ ಬನ್ನೀ, ಇವತ್ತಿನ ಮೀನು, ಇನ್ನೂ ಕಣ್ಣು ಹೊಡೀತಿದೆ! ತಗೊಳ್ದೆ ಹೋದ್ರೆ ನಿಮ್ ಬೆಕ್ಕು ಮನೆ ಬಿಟ್ಟು ಹೋಗುತ್ತೆ!” ಬಂದರಿನಲ್ಲಿ ದೋಣಿ ಕಟ್ಟುತ್ತಿದ್ದವರು ಅಲ್ಲಿಂದಲೇ “ಹೋಗ್ಲಿ ಬಿಡೇ, ದಂಡದ ಬೆಕ್ಕು” ಎಂದು ಉತ್ತರ ಕೊಡುತ್ತಿದ್ದರು.

“ಶಿಹೊ ಅಕ್ಕ ಮಾತಾಡಿದ್ರೆ ಕಿವಿ ಹತ್ರ ಸೊಳ್ಳೆ ಬಂದಂಗಿರುತ್ತೆ,” ಎಂದಿದ್ದಳು ನಗಿಸಾ ಮೊದಲ ದಿನವೇ. ತಾಯಿ ತಲೆಗೆ ಮೊಟಕಿದಳು. ಆದರೆ ಶಿಹೊ ಬಾಯಿ ತೆರೆದಾಗಲೆಲ್ಲ ಆ ಹುಡುಗಿ ಓಡಿಬಂದು, ಕತ್ತು ವಾಲಿಸಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದು ನಿಲ್ಲುತ್ತಿದ್ದಳು. “ಹೇಳು. ನಂಗೆ ಕೇಳ್ಸುತ್ತೆ.” ಆ ಊರಿನಲ್ಲಿ ಶಿಹೊಳನ್ನು ಎರಡನೇ ಸಲ ಕೇಳದೇ ಇದ್ದವಳು ಅವಳೊಬ್ಬಳೇ.

ಎರಡು ವಾರದಲ್ಲಿ ತೋಮೆ ಅಜ್ಜಿಯ ಅಂಗಡಿಯ ಯಂತ್ರ ಮೂರು ಸಲ ಸಿಕ್ಕಿಹಾಕಿಕೊಂಡಿತು. ಕಂಪನಿಯಿಂದ ಫೋನು ಬಂತು. ಬೇರೆಲ್ಲ ಕಡೆ ಸರಿಯಿದೆ, ಇದೊಂದೇ ಯಾಕೆ? ಶಿಹೊ ಉತ್ತರಿಸಿದಳು. ಆ ಕಡೆಯವರು, “ಆಂ, ಏನಂದ್ರಿ?” ಎಂದರು.

ಆ ಮಧ್ಯಾಹ್ನ ಅವಳು ಯಂತ್ರದ ಬಾಗಿಲು ತೆಗೆದಾಗ ನಗಿಸಾ ಶಾಲೆಯ ಚೀಲ ಹೊತ್ತುಕೊಂಡು, ಹಳದಿ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕಾರ್ಡುಗಳು ಯಾವ ಸಾಲಿನಲ್ಲಿ ಬರುತ್ತವೆಂಬುದು ಅವಳಿಗೆ ಬಾಯಿಪಾಠ.

“ಆಕ್ಟೋಪಸ್ ಬಂತು, ಏಡಿ ಬಂತು. ಇನ್ನು ಕಿರಾನೇ. ಶಂಖದ ರಾಣಿ. ಬೇಗ ಅಕ್ಕ, ಬೇರೆ ಯಾರಾದ್ರೂ ಬಂದ್ಬಿಡ್ತಾರೆ.”

ಒಳಗೆ ಕಾರ್ಡನ್ನು ಹೊರತಳ್ಳುವ ಕಬ್ಬಿಣದ ಸನ್ನೆ ಬಾಗಿತ್ತು. ಅದರ ಬುಡಕ್ಕೆ ಕಪ್ಪು ದಾರದಂಥದ್ದು ಸುತ್ತಿಕೊಂಡಿತ್ತು. ಎಳೆದರೆ ಬರಲಿಲ್ಲ, ಉದ್ದವಾಯಿತು. ಇನ್ನೂ ಎಳೆದರೆ ಇನ್ನೂ ಉದ್ದವಾಯಿತು. ಎರಡೂ ಕೈ ಬೇಕಾಗಿ, ಶಿಹೊ ಕಾರ್ಡಿನ ಕಟ್ಟನ್ನು ಗದ್ದದಡಿ ಒತ್ತಿ ಹಿಡಿದಳು. ಎಲ್ಲಕ್ಕಿಂತ ಮೇಲಿದ್ದದ್ದು ಶಂಖದ ರಾಣಿ, ತುಟಿ ಮುಚ್ಚಿಕೊಂಡ ಬೆಳ್ಳಿ ಮುಖ. ಅದರ ತಣ್ಣನೆಯ ತೇವ ಗಂಟಲಿಗೆ ಅಂಟಿಕೊಂಡಿತು. ಸನ್ನೆ ಕಟಕ್ಕೆಂದು ನೆಟ್ಟಗಾಯಿತು. ಇನ್ನು ಕಟ್ಟನ್ನು ಒಳಗಿಡಬೇಕು. ಇಟ್ಟರೆ ನಾಳೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಫೋನು. ಮತ್ತೆ ಆಂ, ಏನಂದ್ರಿ.

ಥೂ, ಇದೆಂಥ ಭಯ, ಎಂದುಕೊಂಡಳು. ಕಟ್ಟನ್ನು ಅಗಲಿಸಿದಳು. ತೋಳಿಗೆ ಉಜ್ಜಿದಳು.

ಫೂ.

ಫೂ.

ಮೂರನೆಯ ಸಲ ಊದಿದಾಗ ಎದೆಯೊಳಗೆ ಏನೋ ಕಳಚಿಕೊಂಡಿತು, ಹಲ್ಲು ಕೀಳುವಾಗ ಕೊನೆಯ ಬೇರು ಬಿಟ್ಟುಕೊಡುವ ಹಾಗೆ. ನೋವಾಗಲಿಲ್ಲ. ಕಟ್ಟನ್ನಿಟ್ಟು ಬಾಗಿಲು ಮುಚ್ಚಿದಳು. ಕಾರ್ಡು ಬೀಳುವ ಬಾಯಿಯಿಂದ ಬೆಚ್ಚನೆಯ ಗಾಳಿಯೊಂದು ಹೊರಬಂದು ಅವಳ ಮೊಣಕಾಲನ್ನು ತಾಗಿತು. ಕರ್ಪೂರ, ಬೆವರಿದ ಹಾಸಿಗೆ, ಹಳೆಯ ಕಫ. ಬಹುಕಾಲ ಮಲಗಿದವರ ಕೋಣೆಯ ವಾಸನೆ. ತುಕ್ಕಿರಬೇಕು, ಎಂದುಕೊಂಡಳು ರಸಾಯನಶಾಸ್ತ್ರದ ಶಿಹೊ.

ನಗಿಸಾ ನಾಣ್ಯ ಹಾಕಿ ಹಿಡಿ ತಿರುಗಿಸಿದಳು. ಗರ್ರ್. ಬೆಳ್ಳಿ ಹೊಳಪು. “ನಂದು! ಇದು ನಂದು!” ಇಳಿಜಾರಿನ ಉದ್ದಕ್ಕೂ ಆ ದನಿ ಗಂಟೆಯಂತೆ ಉರುಳಿಹೋಯಿತು. ಅಷ್ಟು ಗಟ್ಟಿಯಾಗಿ ಅವಳು ಕೂಗಿದ್ದು ಅದೇ ಕೊನೆ.

ಅಂಗಡಿಯ ಜಾಲರಿ ಸರಿಯಿತು. ಕತ್ತಲೆಯೊಳಗಿಂದ ತೋಮೆ ಅಜ್ಜಿಯ ಮುಖ, ಒಣಗಿಸಿದ ಖರ್ಜೂರದಂಥ ಮುಖ, ಇಣುಕಿತು.

“ಊದಿದೆಯಾ?”

ಶಿಹೊ ತಲೆಯಾಡಿಸಿದಳು. ಇಲ್ಲ.

ಅಜ್ಜಿಯ ಕಣ್ಣು ಇಳಿಜಾರು ಹತ್ತಿ ಓಡುತ್ತಿದ್ದ ಹಳದಿ ಕೊಡೆಯನ್ನು ಹಿಂಬಾಲಿಸಿತು. ಆಮೇಲೆ ಜಾಲರಿ ಮುಚ್ಚಿಕೊಂಡಿತು.

ಮರುದಿನ ಬೆಳಗ್ಗೆ ಮಿಸೊ ಸಾರಿನ ಬಟ್ಟಲ ಮುಂದೆ ಕೈ ಜೋಡಿಸಿ, ಊಟಕ್ಕೆ ಮುಂಚೆ ಎಲ್ಲರೂ ಹೇಳುವ ಮಾತನ್ನು ಶಿಹೊ ಹೇಳಿದಳು. ಫುಮಿಯ ಕೈಯಿಂದ ಊಟದ ಕಡ್ಡಿ ಜಾರಿತು.

“ಯಾರಮ್ಮಾ ಅದು ಮಾತಾಡಿದ್ದು?”

ಸಿಳ್ಳಿಲ್ಲ, ಗೊರಗೊರವಿಲ್ಲ. ಬಾವಿಗೆ ಹೊಸ ಹಗ್ಗ ಹಾಕಿದ ಹಾಗೆ ದನಿ ಸಲೀಸಾಗಿ ಮೇಲೆ ಬಂದಿತ್ತು. ಶಿಹೊ ಮಹಡಿಗೆ ಓಡಿ, ಕಿಟಕಿ ಮುಚ್ಚಿ, ದಿನಚರಿಯ ಹಳೆಯ ಪುಟಗಳನ್ನು ಗಟ್ಟಿಯಾಗಿ ಓದಿಕೊಂಡಳು. ಒಂದು ವರ್ಷದ ದುಃಖವನ್ನು ಓದುತ್ತ ಓದುತ್ತ ಸಂತೋಷದಿಂದ ಅತ್ತಳು. ಎರಡು ದಿನ ಬಿಟ್ಟು ಓಸಾಕಾದ ಕಂಪನಿಯೊಂದರಿಂದ ಫೋನು ಬಂತು. ಹಿಂದೆ ಬೇಡವೆಂದವರೇ. ಮಾತು ಮುಗಿಯುವ ಮೊದಲೇ ಕೆಲಸ ಕೊಟ್ಟರು. ಜುಲೈ ಒಂದಕ್ಕೆ ಬಂದು ಸೇರಿ, ಎಂದರು.

“ಎಂಥ ತಿಳಿಯಾದ ದನಿ ನಿಮ್ದು,” ಎಂದಿತು ಆಚೆಯ ಗಂಡುದನಿ. “ಮಗು ಮಾತಾಡ್ದಂಗಿದೆ.”

ಶಿಹೊ ಫೋನಿಟ್ಟಳು. ಕೆಳಗೆ ಅಂಗಡಿಯಲ್ಲಿ ಅಂದು ಯಾರೂ ಮೀನು ಕೂಗಿರಲಿಲ್ಲ.

ಮೊದಲು ನಗಿಸಾಳ ಗಂಟಲು ಕೆರೆಯಿತು. ಮಳೆಯಲ್ಲಿ ನೆನೆದಿದ್ದಾಳೆ, ಎಂದಳು ಫುಮಿ. ನಾಲ್ಕನೆಯ ದಿನ ದನಿ ಒಡೆಯಿತು. ಆರನೆಯ ದಿನ ಉಪ್ಪಿನ ಡಬ್ಬಿಯ ಮೇಲೆ ನಿಂತು ಬಾಯಿ ತೆರೆದರೆ ಏನೂ ಬರಲಿಲ್ಲ. ಬೀದಿಯವರು ತಮಾಷೆಯೆಂದು ನಕ್ಕರು. ಹತ್ತನೆಯ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ದೊಡ್ಡ ಊರಿನ ಡಾಕ್ಟರು ಗಂಟಲೊಳಗೆ ದೀಪ ಹಿಡಿದು, ಚಿತ್ರ ತೆಗೆದು, ಏನೂ ಇಲ್ಲವೆಂದರು. ಏನೂ ಇಲ್ಲದ್ದು ದಿನದಿನಕ್ಕೆ ಬಿಗಿಯುತ್ತ ಹೋಯಿತು.

ಮಹಡಿಯ ಹಲಗೆಗಳ ಸಂದಿಯಿಂದ ಕೆಳಗಿನ ಉಸಿರು ಶಿಹೊಗೆ ಕೇಳಿಸುತ್ತಿತ್ತು. ಎಳೆತ. ನಿಲುಗಡೆ. ಸಿಳ್ಳು. ಕಾಗದದ ಬಾಗಿಲಿನ ತೂತಿನಲ್ಲಿ ಗಾಳಿ ನುಸುಳಿದಂಥ ಸದ್ದು.

ಹನ್ನೆರಡು ವರ್ಷ ಆ ಸದ್ದನ್ನು ಹೊತ್ತವಳಿಗೆ ಅದನ್ನು ಗುರುತಿಸಲು ಎರಡನೇ ಸಲ ಕೇಳಬೇಕಾಗಿರಲಿಲ್ಲ.

ದಿನಚರಿ ತೆರೆದು ‘ಕಾಕತಾಳೀಯ’ ಎಂದು ಬರೆದಳು. ಆ ಪದವನ್ನೇ ಮೂರು ಸಲ ಬರೆದಳು. ಗಟ್ಟಿಯಾಗಿ ಓದಿದಳು. ಆ ದನಿಯ ತುದಿಯಲ್ಲೊಂದು ಏರಿಳಿತವಿತ್ತು, ಮೀನು ಮಾರುವವರ ಏರಿಳಿತ. ಬನ್ನಿ ಬನ್ನೀ. ಶಿಹೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಫುಮಿ ಔಷಧಿ ತರಲು ಹೋದಾಗ ಅವಳು ನಗಿಸಾಳ ಹಾಸಿಗೆಯ ಪಕ್ಕ ಕೂತಳು. ಹೊರಗೆ ಮಳೆ, ಒಳಗೆ ಬೂದಿ ಬಣ್ಣದ ಬೆಳಕು. ಹುಡುಗಿ ಕಣ್ಣು ಮುಚ್ಚಿದ್ದಳು. ದಿಂಬಿನಡಿ ಕೈ ಹಾಕಿದಾಗ ಕಾರ್ಡು ಸಿಕ್ಕಿತು. ಬೆಚ್ಚಗಿತ್ತು, ಮನುಷ್ಯರ ಮೈಯಷ್ಟು ಬೆಚ್ಚಗೆ.

ಶಂಖದ ರಾಣಿಯ ತುಟಿ ತೆರೆದುಕೊಂಡಿತ್ತು.

ಮುದ್ರಿಸಿದ ಚಿತ್ರ. ಶಾಯಿ, ರಟ್ಟು, ಬೆಳ್ಳಿ ಬಣ್ಣ. ಶಿಹೊಗೆ ಅದರ ರಸಾಯನವೆಲ್ಲ ಗೊತ್ತಿತ್ತು. ಆ ಬಾಯಿ ಬೆರಳುಗುರಿನಷ್ಟು ಕಪ್ಪಾಗಿ ತೆರೆದಿತ್ತು. ಕಿವಿಯ ಹತ್ತಿರ ತಂದಳು. ಕಾರ್ಡು ಉಸಿರಾಡುತ್ತಿತ್ತು. ಎಳೆತ. ನಿಲುಗಡೆ. ಸಿಳ್ಳು. ಹಾಸಿಗೆಯ ಮೇಲಿನ ಎದೆ ಅದರ ತಾಳಕ್ಕೇ ಏರುತ್ತಿತ್ತು, ಇಳಿಯುತ್ತಿತ್ತು.

ಅವಳು ಅದನ್ನು ಜೇಬಿಗೆ ಹಾಕಿಕೊಂಡು ಇಳಿಜಾರಿನ ಕೊನೆಗೆ ಓಡಿದಳು. ಕೀಲಿ ಹಾಕಿ ಯಂತ್ರದ ಬಾಗಿಲು ತೆಗೆದಳು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ. ಕಟ್ಟಿನ ಹಿಂದೆ ತುರುಕಹೋದ ಕೈ ಅಲ್ಲಿಯೇ ನಿಂತಿತು. ನಾಳೆ ಇನ್ನೊಂದು ಮಗು ಬಂದು ಹಿಡಿ ತಿರುಗಿಸುತ್ತದೆ. ನಾಡಿದ್ದು ಇನ್ನೊಂದು. ಯಂತ್ರದ ಒಳಗತ್ತಲು ಕಾದಿತ್ತು. ಕಪ್ಪು ದಾರ ಸನ್ನೆಯ ಬುಡದಲ್ಲಿ ಮತ್ತೆ ಸುತ್ತಿಕೊಂಡಿತ್ತು, ಅಚ್ಚುಕಟ್ಟಾಗಿ, ಬಾಚಿ ಹೆಣೆದ ಹಾಗೆ.

ಮನೆಗೆ ಬಂದವಳೇ ಅಡುಗೆಮನೆಯ ಗ್ಯಾಸ್ ಹಚ್ಚಿ ಕಾರ್ಡಿನ ಮೂಲೆಯನ್ನು ಉರಿಗೆ ಹಿಡಿದಳು. ಬೆಳ್ಳಿ ಸುರುಟಿತು. ಸುಟ್ಟ ಕೂದಲಿನ ವಾಸನೆ. ಪಕ್ಕದ ಕೋಣೆಯಲ್ಲಿ ಧಡ್ ಎಂದು ಸದ್ದಾಯಿತು. ಓಡಿ ನೋಡಿದರೆ ನಗಿಸಾ ಹಾಸಿಗೆಯಿಂದ ಉರುಳಿ, ಚಾಪೆಯನ್ನು ಉಗುರಿನಿಂದ ಗೀರುತ್ತಿದ್ದಳು. ಬಾಯಿ ಪೂರ್ತಿ ತೆರೆದಿತ್ತು. ದನಿಯಿಲ್ಲದ ಅಷ್ಟು ದೊಡ್ಡ ಚೀತ್ಕಾರವನ್ನು ಶಿಹೊ ಎಂದೂ ನೋಡಿರಲಿಲ್ಲ. ತುಟಿಯ ಒಂದು ಮೂಲೆಯಲ್ಲಿ ಬೊಬ್ಬೆ ಎದ್ದಿತ್ತು, ಈಗ ತಾನೇ ಸುಟ್ಟದ್ದು.

ಕಾರ್ಡನ್ನು ಅಂಗೈಯಲ್ಲಿ ಒತ್ತಿ ಉರಿ ಆರಿಸಿದಳು. ಮತ್ತೆ ದಿಂಬಿನಡಿ ಇಟ್ಟಳು. ಹುಡುಗಿಯನ್ನು ಎತ್ತಿ ಮಲಗಿಸಿದಳು. ಅವಳ ಭಾರ ಒಣಮೀನಿನಷ್ಟಿತ್ತು. ಮಾಡುವುದಕ್ಕೆ ಬೇರೇನೂ ಉಳಿದಿರಲಿಲ್ಲ.

ತೋಮೆ ಅಜ್ಜಿಯ ಅಂಗಡಿಯೊಳಗೆ ಹಗಲಿನಲ್ಲೂ ಕತ್ತಲು. ಗಾಜಿನ ಜಾಡಿಗಳಲ್ಲಿ ಯಾರೂ ಕೊಳ್ಳದ ಮಿಠಾಯಿ ಬೆವತು ಮುದ್ದೆಯಾಗಿತ್ತು. ಮೂಲೆಯಲ್ಲಿ ಇಲಿ ಏನನ್ನೋ ಕೊರೆಯುತ್ತಿತ್ತು. ಅಜ್ಜಿ ಬಿಸಿಚಹಾದ ಬಟ್ಟಲನ್ನು ಅವಳ ಮುಂದೆ ತಳ್ಳಿದಳು. ಬಲಗೈಯ ಎರಡು ಬೆರಳು ಬುಡದವರೆಗೆ ಕಪ್ಪಾಗಿ, ಒಣಗಿದ ಬೇರಿನ ಹಾಗೆ ಬಾಗಿದ್ದವು.

“ಆವತ್ತು ಸುಳ್ಳು ಹೇಳ್ದೆ.”

“ಹೌದು,” ಎಂದಳು ಶಿಹೊ.

ಆ ದನಿ ಕೇಳಿ ಅಜ್ಜಿ ಕಣ್ಣು ಮುಚ್ಚಿದಳು. “ಮೀನಿನಂಗಡಿ ಹುಡುಗಿ. ಅವಳದ್ದೇ.”

ಇಲಿ ಕೊರೆಯುವುದನ್ನು ನಿಲ್ಲಿಸಿತು.

“ನನ್ನ ಮಗಳು ಸೆತ್ಸುಗೆ ಎದೆ ಕಾಯಿಲೆ ಇತ್ತು. ಏಳು ವರ್ಷದ ಹಿಂದಿನ ಮಾತು. ಗುಡಿ ಕಾಗದ ಎಷ್ಟು ಬಿಟ್ರೂ ಸಮುದ್ರ ತಗೊಳ್ಳಲಿಲ್ಲ, ದಡಕ್ಕೆ ತಂದು ಬಿಸಾಕ್ತು. ಸಮುದ್ರ ತಗೊಳ್ದೆ ಇದ್ರೇನು, ಮನುಷ್ಯರು ತಗೋತಾರೆ ಅಂದ್ಕೊಂಡೆ. ದುಡ್ಡು ಕೊಟ್ಟು, ನಗ್ತಾ ತಗೋತಾರೆ. ಅವಳ ಕೂದಲು ಸನ್ನೆಗೆ ಸುತ್ತಿದೆ. ಏಳು ದಿನ ಬೆಳಗ್ಗೆ ಯಂತ್ರದ ಬಾಯಿಗೆ ಮಂತ್ರ ಹೇಳ್ದೆ. ಎಂಟನೇ ದಿನ ಕಾರ್ಡಿಗೆ ಅವಳ ಕೈಲಿ ಊದ್ಸಿ ಒಳಗಿಟ್ಟೆ.” ಅವಳು ಕಪ್ಪು ಬೆರಳುಗಳನ್ನು ನೋಡಿಕೊಂಡಳು. “ಆಮೇಲೆ ಆ ಕೂದಲಿನ ಗಂಟು ಬಿಚ್ಚೋಕೆ ಹೋದೆ. ನೋಡು.”

“ಮಗಳು?”

“ಎದ್ದು ಕೂತ್ಲು. ಮದುವೆ ಆಯ್ತು. ಎರಡು ಮಕ್ಕಳು. ಇಲ್ಲಿಗೆ ಬರಲ್ಲ.”

“ಕಾರ್ಡು ಯಾರಿಗೆ ಹೋಯ್ತು?”

“ಸ್ನಾನದ ಮನೆಯವರ ಮಗನಿಗೆ. ಆರು ವರ್ಷ.” ಅಜ್ಜಿ ಜಾಲರಿಯಾಚೆಯ ಯಂತ್ರದತ್ತ ನೋಡಿದಳು. “ಮೂವತ್ತನೇ ತಾರೀಕು ಅವನ ತಾಯಿ ಆ ಕಾರ್ಡನ್ನೂ ಕಾಗದದ ಜೊತೆ ಸಮುದ್ರಕ್ಕೆ ಬಿಟ್ಲು. ಆ ಸಲ ಸಮುದ್ರ ತಗೊಳ್ತು. ತಗೊಂಡ್ಮೇಲೆ ಮುಗೀತು. ಬದಲಾಯಿಸೋ ಹಾಗಿಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಹುಡುಗ ಇರಲಿಲ್ಲ.”

“ತಗೊಳ್ಳೋಕೆ ಮುಂಚೆ ವಾಪಸ್ ಪಡೆಯೋ ದಾರಿ ಇಲ್ವ ಅಜ್ಜಿ?”

“ಇದೆ. ಸುಲಭ. ಕಾಯಿಲೆ ಯಾರದ್ದೋ ಅವರೇ, ಆ ಮಗು ಎದುರಿಗೆ, ಅದರ ಮನೆಯವರ ಎದುರಿಗೆ, ಬಾಯಿಬಿಟ್ಟು ಇದು ನಂದು ಅನ್ಬೇಕು. ಬರ್ದು ಕೊಟ್ರೆ ಆಗಲ್ಲ. ಉಸಿರಲ್ಲಿ ಹೋಗಿದ್ದು ಉಸಿರಲ್ಲೇ ಬರ್ಬೇಕು.” ಅಜ್ಜಿ ಮುಂದಕ್ಕೆ ಬಾಗಿದಳು. ಕರ್ಪೂರದ ವಾಸನೆ. “ಆದ್ರೆ ಹೋದಷ್ಟೇ ಆಗಿ ಬರಲ್ಲ ಮಗಳೇ. ಅಲ್ಲಿ ಬೆಳೆದಷ್ಟೂ ಬರುತ್ತೆ.”

“ನೀವು ಹೇಳ್ಲಿಲ್ವ?”

“ಸೆತ್ಸುಗೆ ಗೊತ್ತಾಗ್ದಂಗೆ ನೋಡ್ಕೊಂಡೆ. ನಾನು ದಡದಲ್ಲೇ ನಿಂತಿದ್ದೆ. ಅವಳ ಬದಲು ನಾನೇ ಹೇಳೋಣ, ಬಂದ್ರೆ ನಂಗೆ ಬರ್ಲಿ ಅಂತ ಬಾಯಿ ತೆರ್ದೆ.” ತೋಮೆ ಅಜ್ಜಿ ಬಾಯಿ ತೆರೆದು ತೋರಿಸಿದಳು. ಹಲ್ಲಿಲ್ಲದ, ಕಪ್ಪು ಬಾಯಿ. “ಗಾಳಿ ಒಳಗೆ ಹೋಯ್ತು. ಅಷ್ಟೆ.”

ಅದು ಇಪ್ಪತ್ತೆಂಟನೇ ತಾರೀಕು.

ಆ ದಿನ ಸಂಜೆ ಶಿಹೊ ಮೂರು ಸಲ ಫುಮಿಯ ಎದುರು ನಿಂತಳು. ಮೊದಲ ಸಲ ಫುಮಿ ಗಂಜಿ ಸೋಸುತ್ತಿದ್ದಳು. ಎರಡನೆಯ ಸಲ ಅಳುತ್ತಿದ್ದಳು. ಮೂರನೆಯ ಸಲ, “ಏನು ಶಿಹೊ ಚಾನ್?” ಎಂದು ತಾನೇ ಕೇಳಿದಳು. “ಏನಿಲ್ಲ,” ಎಂದಳು ಶಿಹೊ, ಗಂಟೆಯಂಥ ದನಿಯಲ್ಲಿ. ಕೋಣೆಯೊಳಗಿನಿಂದ ನಗಿಸಾ ತಲೆಯೆತ್ತಿದಳು, ತನ್ನನ್ನು ಯಾರೋ ಕರೆದಂತೆ.

ಇಪ್ಪತ್ತೊಂಬತ್ತರಂದು ಹುಡುಗಿಗೆ ನೀರೂ ಇಳಿಯಲಿಲ್ಲ. ಮತ್ತೆ ಆಸ್ಪತ್ರೆಗೆ ಒಯ್ದರು, ಸೂಜಿ ಚುಚ್ಚಿ ನೀರು ಹತ್ತಿಸಿ ಕಳಿಸಿದರು, ಸೋಮವಾರ ಕರೆತನ್ನಿ ಎಂದರು. ದಿನಚರಿಯ ಪುಟ ಖಾಲಿ ಉಳಿಯಿತು. ಮೇಜಿನ ಮೇಲೆ ಓಸಾಕಾದ ರೈಲಿನ ಟಿಕೆಟು, ಪಕ್ಕದಲ್ಲಿ ಕಟ್ಟಿಟ್ಟ ಚೀಲ.

ಮೂವತ್ತರ ಮಧ್ಯಾಹ್ನ ಮಳೆ ನಿಂತಿತ್ತು. ಬಂದರಿನ ಗುಡಿಯ ಮುಂದೆ ಜೊಂಡುಹುಲ್ಲಿನ ದೊಡ್ಡ ಉಂಗುರ ಕಟ್ಟಿದ್ದರು. ಕೊಯ್ದ ಹುಲ್ಲಿನ ಹಸಿ ವಾಸನೆ. ಊರವರು ಸಾಲಾಗಿ ಅದರೊಳಗೆ ತೂರಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸುತ್ತಿ ಮುಂದೆ ಹೋಗುತ್ತಿದ್ದರು. ಫುಮಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಸುತ್ತಿದಳು. ಹಿಂದೆ ಶಿಹೊ. ಕಡಲಿಗೆ ಚಾಚಿದ ಕಟ್ಟೆಯ ತುದಿಯಲ್ಲಿ ಅರ್ಚಕ ಬಿಳಿ ಕಾಗದಗಳನ್ನು ಮರದ ತಟ್ಟೆಯಲ್ಲಿ ಸೇರಿಸಿಕೊಳ್ಳುತ್ತಿದ್ದ. ಇಳಿತದ ನೀರು ಕಟ್ಟೆಯ ಬುಡದಲ್ಲಿ ನಾಲಗೆಯಂತೆ ಲೊಚಗುಟ್ಟುತ್ತಿತ್ತು. ದೂರದಲ್ಲಿ, ಜನರಿಂದ ಬೇರೆಯಾಗಿ, ತೋಮೆ ಅಜ್ಜಿ.

ಫುಮಿ ಅಂಗಿಯ ತೋಳಿನೊಳಗಿಂದ ಕಾಗದದ ಮನುಷ್ಯನನ್ನು ತೆಗೆದಳು. ಅದರೊಳಗೆ ಸುತ್ತಿದ್ದ ಬೆಳ್ಳಿಯೂ ಕಂಡಿತು, ಒಂದು ಮೂಲೆ ಸುಟ್ಟ ಬೆಳ್ಳಿ.

“ಇದನ್ನ ಹಿಡ್ಕೊಂಡೇ ಇರ್ತಾಳೆ, ಶಿಹೊ ಚಾನ್. ಕಾಯಿಲೆ ಇದಕ್ಕೇ ಅಂಟಿರ್ಬೇಕು. ಇದೂ ಹೋಗ್ಲಿ.”

ಶಿಹೊ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವಳಷ್ಟು ಪಳಗಿದವರು ಆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹನ್ನೆರಡು ವರ್ಷ ಅಭ್ಯಾಸ.

ಅರ್ಚಕ ತಟ್ಟೆ ಚಾಚಿದ. ಫುಮಿಯ ಕೈ ಮುಂದೆ ಹೋಯಿತು. ಕಾರ್ಡಿನ ಬಾಯಿ ಈಗ ಇಡೀ ಮುಖವನ್ನು ನುಂಗಿತ್ತು. ನೀರು ಮೇಲೆದ್ದಿತು. ಇಳಿತದ ಹೊತ್ತಿನಲ್ಲಿ ಮೇಲೆದ್ದಿತು. ಕಟ್ಟೆಯ ಕಲ್ಲು ಕಪ್ಪಾಯಿತು. ಕರ್ಪೂರದ ವಾಸನೆ. ಎಳೆತ. ನಿಲುಗಡೆ.

ಸಿಳ್ಳು ಬರಲಿಲ್ಲ.

ತಾಯಿಯ ಬೆನ್ನ ಮೇಲೆ ನಗಿಸಾಳ ಮುಖ ನೀಲಿಗಟ್ಟುತ್ತಿತ್ತು. ಅವಳು ಶಿಹೊಳನ್ನು ನೋಡಿದಳು. ತುಟಿ ತೆರೆದು ನಿಂತಿದ್ದ ಶಿಹೊಳನ್ನು. ಆಮೇಲೆ, ಉಳಿದ ಬಲವನ್ನೆಲ್ಲ ಹಾಕಿ, ಎಂದಿನ ಹಾಗೆ ಕತ್ತು ವಾಲಿಸಿ, ಕಿವಿಯನ್ನು ಅವಳ ಬಾಯಿಯ ಕಡೆ ತಂದಳು.

ಹೇಳು. ನಂಗೆ ಕೇಳ್ಸುತ್ತೆ.

ಗಾಳಿ ಒಳಗೆ ಹೋಯಿತು. ಶಿಹೊ ಅದನ್ನು ಒಳಗೇ ಉಳಿಯಗೊಡಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಯಾರೂ ಎರಡನೇ ಸಲ ಕೇಳಬೇಕಾಗದಷ್ಟು ಗಟ್ಟಿಯಾಗಿ, ಆ ಸಾಲದ ದನಿಯಲ್ಲಿ ಕೊನೆಯ ಸಲ, ಅವಳು ಹೇಳಿದಳು:

“ಫುಮಿ ಅಕ್ಕ, ಬಿಡ್ಬೇಡಿ. ಅದು ನಂದು.”